ಸ್ಪೀಕರ್ ಎರಡಡಿ ಮುಂದೆ ಬಂತು

ಬೆಳಿಗ್ಗೆ ಕಸ ಗುಡಿಸೋಕೆ ಅಂತ ಅಮ್ಮ ನನ್ನ ಎದೆಮಟ್ಟದ ಸ್ಪೀಕರ್‌ಗಳನ್ನ ಮೂಲೆಯಿಂದ ಎರಡಡಿ ಮುಂದಕ್ಕೆ ಎಳೆಸಿದ್ಲು. ವಾಪಸ್ ತಳ್ಳೋಕೆ ಸೋಮಾರಿತನ, ಹಾಗೇ ಗಾಯಕ ಮನ್ಸೂರರ ಹಾಡು ಹಚ್ಚಿದೆ. ಅರೆ! ಇಷ್ಟು ದಿನ ಗುಂಯ್ ಅಂತ ಮುದ್ದೆಯಾಗಿ ಕೇಳ್ತಿದ್ದ ತಬಲಾದ ಎಡಗೈ ಈಗ ಬಿಡಿಬಿಡಿ! ಮೂಲೆ ಅನ್ನೋದು ಬೇಸ್‌ಗೆ, ಅಂದ್ರೆ ತಗ್ಗು ಸದ್ದಿಗೆ, ಕಹಳೆ ಇದ್ದಂಗೆ, ಊದಿಸಿಬಿಡುತ್ತೆ. ಅದರ ಮೇಲೆ ನಮ್ಮದು 12 ಅಡಿ ರೂಮು. ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಸುಮಾರು 47 ಹರ್ಟ್ಜ್, ಅದರ ಇಮ್ಮಡಿ 94, ಈ ಸದ್ದುಗಳು ತಾವಾಗೇ ಮೊರೆಯುತ್ತವೆ. ನಾನೋ, ಜಮಖಾನ ಹಾಸಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ. ತೆಳು ಜಮಖಾನ ಹೀರೋದು ಕೀರಲು ಸದ್ದನ್ನ ಮಾತ್ರ. (ದುಬಾರಿ ಕೇಬಲ್‌ಗೆ ಸುರಿದ ದುಡ್ಡಿನ ಸುದ್ದಿ ಬೇಡ ಬಿಡಿ.) ಈಗ ಓಡಾಡೋಕೆ ಜಾಗ ಇಲ್ಲ ಅಂತ ಅಮ್ಮನ ತಕರಾರು. ನಿಮ್ಮನೇಲೂ ಸ್ಪೀಕರ್ ಗೋಡೆಗೆ ಒರಗಿದೆಯಾ?