ಅವನ ಜಾಗಾ ಹಂಗೇ ಇಟ್ಟಿದ್ರು

ನಮ್ಮ ಬಳಗದಾಗ ನನಗೊಂದು ಅಡ್ಡ ಹೆಸರದ, ‘ಡಬ್ಬಾ ಬಡಿಯೋಕಿ’ ಅಂತ. ಇಟ್ಟವರು ನಮ್ಮ ದೊಡ್ಡ ಕಾಕು. ಲಗ್ನಕ್ಕಿಂತ ಮೊದಲು ಅಡಿಗಿಮನ್ಯಾಗ ಹಿಟ್ಟು ಸಾಣಿಸ್ಲಿಕ್ಕೆ ಕೂತ್ರೂ ನನ್ನ ಬೆರಳು ಹಿಟ್ಟಿನ ಡಬ್ಬಿ ಮ್ಯಾಲೆ ತಾಳಾ ಹಾಕತಿದ್ವು. “ಇದು ಯಾವ ತಾಳನs?” ಅಂತ ಕಾಕು ಕೇಳಿದ್ರ, “ಇಂಗ್ಲೆಂಡಿನವರದು” ಅಂತಿದ್ದೆ. ಮಲ್ಲಿಕಾರ್ಜುನ ಮನ್ಸೂರ ಅವರ ಊರಾಗ ಹುಟ್ಟಿ ಈ ಹುಡುಗಿ ಹಿಂಗ್ಯಾಕ ದಾರಿ ತಪ್ಪಿತೋ ಅಂತ ಅವರು ನಕ್ಕೋತ ಎಲ್ಲಾರ ಮುಂದೂ ಹೇಳಾವ್ರು.

ಇವತ್ತ ಆ ಇಂಗ್ಲೆಂಡಿನವರ ಕಥಿನೇ ಹೇಳ್ತೀನಿ. ಆದ್ರ ಅದರಾಗ ನಮ್ಮ ಅವ್ವನೂ ಬರ್ತಾಳ, ನನ್ನದೊಂದು ತಪ್ಪೂ ಬರ್ತದ. ಸ್ವಲ್ಪ ತಾಳ್ಮಿಯಿಂದ ಓದ್ರಿ.

1990ರಾಗ ನಮ್ಮ ಅಣ್ಣ ಇಂಜಿನಿಯರಿಂಗ್ ಕಲೀತಿದ್ದ. ಹಾಸ್ಟೆಲ್ಲಿನಿಂದ ಸೂಟಿಗೆ ಬಂದಾಗ ಒಂದು ಕ್ಯಾಸೆಟ್ಟು ತಂದಿದ್ದ. ತಂಡದ ಹೆಸರು ಡೆಫ್ ಲೆಪರ್ಡ್, ಆಲ್ಬಮ್ಮಿನ ಹೆಸರು ‘ಹಿಸ್ಟೀರಿಯಾ’. ನನಗ ಅದರಾಗಿನ ಇಂಗ್ಲಿಷು ಒಂದಕ್ಷರ ತಿಳೀಲಿಲ್ಲ. ಆದ್ರ ಆ ಡ್ರಮ್ಮಿನ ಸಪ್ಪಳ ಇತ್ತಲ್ಲಾ, ಅದು ಎದಿಯೊಳಗ ಬಂದು ಕೂತುಬಿಡ್ತು. ಅಣ್ಣ ಹಾಸ್ಟೆಲ್ಲಿಗೆ ತಿರುಗಿ ಹೋಗೋ ಮುಂದ ಆ ಕ್ಯಾಸೆಟ್ಟು ನನ್ನ ಕಪಾಟಿನಾಗ, ಸೀರಿ ಮಡಿಕಿ ಕೆಳಗ ಅಡಗಿತ್ತು.

ಮುಂದಿನ ಸೂಟ್ಯಾಗ ಅಣ್ಣನ ಗೆಳೆಯ ಒಬ್ಬ ಮನಿಗೆ ಬಂದಿದ್ದ. “ಇದರಾಗ ಡ್ರಮ್ ಬಾರಸಾಂವಗ ಒಂದೇ ಕೈ ಅದ, ಗೊತ್ತದ ಏನು?” ಅಂದ. ನಾ ನಂಬಲಿಲ್ಲ. ಎರಡು ಕೈ ಇದ್ದವರಿಗೇ ಆ ಕೆಲಸಕ್ಕ ಇನ್ನೆರಡು ಕೈ ಬೇಕು ಅನಸ್ತದ, ಇವ ಸುಳ್ಳು ಬಿಡ್ಲಿಕತ್ತಾನ ಅನ್ಕೊಂಡೆ. ಮುಂದ ಬಾಜೂ ಮನಿಯವರು ಕೇಬಲ್ ಹಾಕಿಸಿದ ಮ್ಯಾಲೆ ಅವರ ಟೀವ್ಯಾಗ ಒಂದಿನ ಕಣ್ಣಾರೆ ನೋಡಿದೆ. ಖರೇನ. ಎಡಗೈ ಭುಜದ ಬುಡದಿಂದನೇ ಇಲ್ಲ. ಬಲಗೈ ಒಂದೇ, ಕೆಳಗ ಎರಡೂ ಕಾಲು ಪೆಡಲ್ಲಿನ ಮ್ಯಾಲೆ ಓಡ್ಲಿಕತ್ತಾವ. ಮುಖದಾಗ ನಗಿ. ಅವತ್ತಿನಿಂದ ನಾ ಆ ತಂಡದ ಭಕ್ತಳಾದೆ ನೋಡ್ರಿ.

ಅವನ ಹೆಸರು ರಿಕ್ ಅಲೆನ್. ಚಾಕು, ಕತ್ತರಿ, ಉಕ್ಕಿಗೆ ಹೆಸರಾದ ಶೆಫೀಲ್ಡ್ ಅನ್ನೋ ಊರಿನ ತಂಡ ಅದು. ಡ್ರಮ್ಮಿನವ ಬೇಕಾಗ್ಯಾನ ಅಂತ ಅವರು ಕೊಟ್ಟ ಜಾಹೀರಾತು ನೋಡಿ ಉತ್ತರಾ ಬರದಾಕಿ ಇವನ ತಾಯಿ. ಅಕಿ ಬರದಿದ್ದಿಲ್ಲಂದ್ರ ಈ ಕಥಿನೇ ಇರ್ತಿದ್ದಿಲ್ಲ. 1978ರಾಗ ತಂಡಕ್ಕ ಸೇರಿದಾಗ ಅವಂಗ ಬರೇ ಹದಿನೈದು ವರ್ಷ. 1983ರಾಗ ಬಂದ ‘ಪೈರೋಮೇನಿಯಾ’ ಅನ್ನೋ ಆಲ್ಬಮ್ಮು ಅಮೇರಿಕಾದಾಗ ಲಕ್ಷಗಟ್ಟಲೆ ಮಾರಿ, ಈ ಹುಡುಗೋರು ರಾತ್ರೋರಾತ್ರಿ ದೊಡ್ಡವರಾದ್ರು.

1984 ಡಿಸೆಂಬರ್ 31, ಹೊಸಾ ವರ್ಷದ ಹಿಂದಿನ ದಿನಾ. ಶೆಫೀಲ್ಡಿನ ಹೊರಗಿನ ರಸ್ತೆದಾಗ ಅವನ ಕಾರು ಉರುಳಿಬಿತ್ತು. ಎಡಗೈ ಕಿತ್ತು ಬಂತು. ಡಾಕ್ಟರು ಅದನ್ನ ತಿರುಗಿ ಜೋಡಿಸಿದ್ರು, ಆದ್ರ ನಂಜಾಗಿ ಮತ್ತ ತಗೀಬೇಕಾತು. ಆಗ ಅವಂಗ ಇಪ್ಪತ್ತೊಂದು ವರ್ಷ.

ದವಾಖಾನಿಯೊಳಗ ಮಲಗಿದಾಗ, ಕೆಳಗ ಜಾರಬಾರದು ಅಂತ ಮಂಚದ ಕಾಲ ಕಡೆ ಒಂದು ಫೋಮಿನ ತುಂಡು ಇಟ್ಟಿದ್ರಂತ. ಹಾಡು ಕೇಳ್ಕೋತ ಇವ ಅದರ ಮ್ಯಾಲೆ ಕಾಲಿನಿಂದ ತಾಳಾ ಹಾಕಲಿಕ್ಕೆ ಸುರು ಮಾಡಿದ. ಅಲ್ಲೇ ಹೊಳೀತು, ಎಡಗೈ ಮಾಡೋ ಕೆಲಸಾ ಎಡಗಾಲಿಗೆ ಕಲಿಸಬಹುದು ಅಂತ. ಆಮ್ಯಾಲೆ ಒದ್ದರ ಡ್ರಮ್ಮಿನ ಸಪ್ಪಳ ಬರೋ ಇಲೆಕ್ಟ್ರಾನಿಕ್ ಪೆಡಲ್ಲು ಮಾಡಿಸ್ಕೊಂಡು, ತಿಂಗಳಗಟ್ಟಲೆ ಕೂತು ಮೊದಲಿಂದ ಕಲತ.

ಉಳದ ನಾಲ್ಕು ಮಂದಿ ಏನ್ ಮಾಡಿದ್ರು? ಅವನ ಜಾಗಾಕ್ಕ ಬ್ಯಾರೆಯವರನ್ನ ಹುಡುಕಲಿಲ್ಲ. ಇರೋದು ಬಿಡೋದು ಅವನ ನಿರ್ಧಾರಕ್ಕ ಬಿಟ್ರು. ಆಲ್ಬಮ್ಮು ತಡಾ ಆಗಲಿಕ್ಕೆ ಬ್ಯಾರೆ ಕಾರಣನೂ ಇದ್ವು, ಸುಳ್ಳ್ಯಾಕ ಹೇಳ್ಲಿ. ಆದ್ರ ಕುರ್ಚಿ ಅವನದೇ ಇತ್ತು. 1986ರಾಗ ತಿರುಗಿ ಸ್ಟೇಜ್ ಹತ್ತೋ ಮುಂದ, ಮೊದಲು ಐರ್ಲೆಂಡಿನ ಸಣ್ಣ ಸಣ್ಣ ಕಡೆ ಬಾರಿಸಿ ನೋಡಿದ್ರು. ಆಸರಕ್ಕ ಇರ್ಲಿ ಅಂತ ಜೆಫ್ ರಿಚ್ ಅನ್ನೋ ಇನ್ನೊಬ್ಬ ಡ್ರಮ್ಮಿನವನನ್ನ ಬಾಜೂಕ ಕೂಡಿಸ್ಕೊಂಡಿದ್ರು. ಒಂದಿನ ಅವ ಬರೋದು ತಡಾ ಆತು. ರಿಕ್ ಒಬ್ಬನೇ ಬಾರಿಸಿದ. ಆಸರಾ ಬ್ಯಾಡ ಅಂತ ಅವತ್ತ ಎಲ್ಲಾರಿಗೂ ತಿಳೀತು. ಅದೇ ಅಗಸ್ಟ್ 16ಕ್ಕ ಡೋನಿಂಗ್ಟನ್ ಅನ್ನೋ ಕಡೆ ಸಾವಿರಗಟ್ಟಲೆ ಜನರ ಮುಂದ ಹಾಡೋ ಜೋ ಎಲಿಯಟ್ ಇವನ ಹೆಸರು ಹೇಳಿದಾಗ ಇಡೀ ಬೈಲು ಒದರಿಬಿಡ್ತು. ಮರುವರ್ಷ ‘ಹಿಸ್ಟೀರಿಯಾ’ ಬಂತು. ಆ ಹೆಸರು ಸೂಚಿಸಿದಾಂವನೂ ಇವನೇ. ಎರಡು ಕೋಟಿಗಿಂತ ಹೆಚ್ಚು ಮಾರ್ಯಾವ ಅದರ ಪ್ರತಿ.

ಮೂವತ್ತು ವರ್ಷ ಈ ಕಥಿ ನಾ ಕಂಡಕಂಡವರಿಗೆ ಹೇಳೀನಿ. ಮಕ್ಕಳು ಪರೀಕ್ಷಾದಾಗ ಫೇಲ್ ಆದ್ರ ಹೇಳೀನಿ, ಯಜಮಾನ್ರಿಗೆ ಪ್ರಮೋಶನ್ ತಪ್ಪಿದಾಗ ಹೇಳೀನಿ. ಎಲ್ಲಾ ತಿಳಕೊಂಡೀನಿ ಅಂತ ಅನ್ಕೊಂಡಿದ್ದೆ.

2022ರ ದೀಪಾವಳಿ ಮುಗದು ಹದಿನೈದು ದಿನಕ್ಕ ನಮ್ಮ ಅವ್ವಗ ಲಕ್ವಾ ಹೊಡೀತು. ಎಡಗಾಲು ಎಡಗೈ ಎರಡೂ ಸೋತ್ವು. ಒಂದೂವರಿ ತಿಂಗಳಿಗೆ ಕಾಲು ಸ್ವಲ್ಪ ಹಿಡಿತಕ್ಕ ಬಂತು, ಕೋಲು ಹಿಡದು ನಡೀಲಿಕತ್ಲು. ಕೈ ಮಾತ್ರ ಮುದುಡಿಕೊಂಡು ಎದಿಗೆ ಅಂಟಿಕೊಂಡೇ ಉಳೀತು.

ಅವ್ವ ಅಂದ್ರ ಭಕ್ರಿ. ಐವತ್ತು ವರ್ಷ ದಿನಾ ಮುಂಜಾನೆ ತನ್ನ ಮಣಿ ಮ್ಯಾಲೆ ಕೂತು ಇಪ್ಪತ್ತು ಭಕ್ರಿ ಬಡದಾಕಿ. ಆ ಸಪ್ಪಳಕ್ಕೇ ನಾವು ಏಳತಿದ್ವಿ. ಈಗ ನೆನಸಿದ್ರ, ನಾ ಮೊದಲು ಕೇಳಿದ ತಾಳಾನೂ ಅದೇ.

ನಾ ಹುಬ್ಬಳ್ಳಿಂದ ಬಂದು ಧಾರವಾಡದಾಗ ಅಣ್ಣನ ಮನ್ಯಾಗೇ ನಿಂತೆ. ಅವ್ವ ದವಾಖಾನಿಯಿಂದ ಬಂದು ಎಂಟು ದಿನಕ್ಕ ಅಡಿಗಿಗೆ ಒಬ್ಬ ಅಕ್ಕಾವ್ರನ್ನ ಗೊತ್ತು ಮಾಡಿದ್ವಿ. ವೈನಿ ಪಾಪ ನೌಕರಿಗೆ ಹೋಗೋವ್ರು, ಮಾಡದ ಗತಿ ಇರಲಿಲ್ಲ. ಅದು ತಪ್ಪಲ್ಲ. ಆದ್ರ ಅವ್ವ ಎಡವಬಾರದು ಅಂತ ಅಕಿ ಮಣಿ ತಗದು ಅಟ್ಟದ ಮ್ಯಾಲೆ ಒಗದಾಕಿ ನಾನು. ಪರಾತ ಮ್ಯಾಲಿನ ಫಳಿಗೆ ಏರಿಸಿದಾಕೀನೂ ನಾನು. “ನೀ ಆರಾಮ ಕೂಡು ಅವ್ವಾ, ಇಷ್ಟ ದಿನಾ ಮಾಡಿದ್ದು ಸಾಕು” ಅಂತ ದಿನಾ ಹತ್ತು ಸಲಾ ಅಂದಾಕೀನೂ ನಾನು.

ಅವ್ವ ಅಳಲಿಲ್ಲ, ಜಗಳಾ ಮಾಡಲಿಲ್ಲ. ದಿನಾ ಸಂಜಿಕೆ ಒಂದೇ ಮಾತು ಕೇಳಾಕಿ, “ನಾಳಿಗೆ ಏನು ಅಡಿಗಿ?” ನಾವು, “ಅದರ ಚಿಂತಿ ನಿನಗ್ಯಾಕ?” ಅನ್ನಾವ್ರು. ಒಂದು ತಿಂಗಳಾದ ಮ್ಯಾಲೆ ಅದನ್ನ ಕೇಳೋದೂ ಬಿಟ್ಲು. ಮಾತೇ ಕಡಿಮಿ ಆತು. ರೋಗದ ಸುಸ್ತು ಅಂದ್ಕೊಂಡ್ವಿ.

ಸಂಕ್ರಾಂತಿ ಆದ ಮ್ಯಾಲಿನ ಮಾತು. ಫಿಸಿಯೋಥೆರಪಿಯವರು ಹೇಳಿದಂಗ ಅವ್ವನ ಕೈ ಎತ್ತಿ ಇಳಿಸೋ ಕೆಲಸಾ ನಡದಿತ್ತು. ಎಣಿಸಿ ಎಣಿಸಿ ಬ್ಯಾಸರಾಗಿ ಮೊಬೈಲಿನಾಗ ನನ್ನ ‘ಹಿಸ್ಟೀರಿಯಾ’ ಹಚ್ಚಿದೆ. “ಏನದು ಒದರಾಟ?” ಅಂದ್ಲು ಅವ್ವ. ಭಾಳ ದಿನದ ಮ್ಯಾಲೆ ತಾನಾಗೇ ಒಂದು ಮಾತಾಡಿದ್ಲು ಅಂತ ಖುಷಿಗೆ ನಾ ಕಥಿ ಎಲ್ಲಾ ಹೇಳಿದೆ. ತಾಯಿ ಕಾಗದ ಬರದದ್ದು, ಕಾರು ಉರುಳಿದ್ದು, ಕಾಲಿಗೆ ಕೆಲಸಾ ಕಲಿಸಿದ್ದು, ಎಲ್ಲಾ. ಫೋಟೋನೂ ತೋರಿಸಿದೆ. ಅಕಿ ಮೊಬೈಲು ಕಣ್ಣಿನ ಹತ್ರ ಹಿಡದು ಭಾಳ ಹೊತ್ತು ನೋಡಿದ್ಲು.

“ಅಲ್ಲಾ, ಅಷ್ಟು ದಿನಾ ಅವನ ಜಾಗಾಕ್ಕ ಯಾರನ್ನೂ ತರಲಿಲ್ಲೇನು?”

“ಇಲ್ಲವ್ವಾ. ಹಂಗೇ ಇಟ್ಟಿದ್ರು.”

“ಹೂಂ” ಅಂದ್ಲು. ಮೊಬೈಲು ನನ್ನ ಕೈಯಾಗ ಕೊಟ್ಟು ಗ್ವಾಡಿ ಕಡೆ ಮುಖಾ ತಿರುಗಿಸಿದ್ಲು.

ಅಷ್ಟೇ. ಒಂದು ಮಾತು ಬೈಯಲಿಲ್ಲ. ಬೈದಿದ್ರ ಛೊಲೋ ಇತ್ತು. ಮೂವತ್ತು ವರ್ಷ ಆ ಒಂದು ಕೈಯವನ ಛಲಾ ಹೊಗಳೀನಿ ನಾನು. ಆ ಛಲಕ್ಕ ಕೂಡಲಿಕ್ಕೆ ಒಂದು ಕುರ್ಚಿ ಯಾರರೆ ಇಟ್ಟಿರಬೇಕಾಗ್ತದ ಅನ್ನೋದು ನನ್ನ ತಲ್ಯಾಗ ಬಂದಿರಲೇ ಇಲ್ಲ. ನನ್ನ ಅವ್ವನ ಕುರ್ಚಿ ನಾನೇ ಅಟ್ಟಕ್ಕ ಏರಿಸಿದ್ದೆ.

ಆ ರಾತ್ರಿ ಅಣ್ಣಗ ಹೇಳಿದೆ. ಅವ ಸುಮ್ಮನ ಎದ್ದು ನಿಚ್ಚಣಿಕಿ ಹಚ್ಚಿ ಮಣಿ ಇಳಿಸಿ, ಧೂಳಾ ಒರಿಸಿದ. ಅವ್ವಗ ಕೆಳಗ ಕೂತು ಏಳಲಿಕ್ಕೆ ಆಗೂದಿಲ್ಲ ಅಂತ, ಒಂದು ಗಟ್ಟಿ ಸ್ಟೂಲು ಮಾಡಿಸಿ ಆ ಮಣಿ ಹಲಗಿನೇ ಅದರ ಮ್ಯಾಲೆ ಬಡಿಸಿದ. ಒಲಿನೂ ಅಕಿ ಕೈಗೆ ಸಿಗೋ ಎತ್ತರಕ್ಕ ಇಳಿಸಿದ್ವಿ.

ಆಮ್ಯಾಲೆ ಫಿಸಿಯೋಥೆರಪಿಯವರನ್ನ ಕೇಳಿ ಒಂದೊಂದೇ ಉಪಾಯ ಮಾಡಿದ್ವಿ. ನಿಮ್ಮ ಮನ್ಯಾಗೂ ಇಂಥಾ ಹೊತ್ತು ಬಂದ್ರ ಇರ್ಲಿ ಅಂತ ಬರೀತೀನಿ. ಕಾಯಿಪಲ್ಯಾ ಹೆಚ್ಚೋ ಫಳಿಗೆ ಕೆಳಗಿಂದ ಎರಡು ತುಕ್ಕು ಹಿಡಿಯದ ಮೊಳಿ ಹೊಡದು ಮ್ಯಾಲೆ ಚೂಪು ತಗದ್ವಿ. ಉಳ್ಳಾಗಡ್ಡಿ, ಬಟಾಟಿ ಆ ಮೊಳಿಗೆ ಚುಚ್ಚಿಟ್ರ ಅಲ್ಲಾಡೂದಿಲ್ಲ, ಒಂದೇ ಕೈಲೆ ಹೆಚ್ಚಬಹುದು. ಕೆಲಸಾ ಮುಗದ ಮ್ಯಾಲೆ ಮಾತ್ರ ಫಳಿ ಸಣ್ಣ ಮಕ್ಕಳ ಕೈಗೆ ಸಿಗದಂಗ ಇಡಬೇಕು. ಪರಾತದ ಕೆಳಗ ಹಸೀ ಅರಬಿ ಹಾಸಿದ್ರ ಹಿಟ್ಟು ನಾದೋ ಮುಂದ ಅದು ತಿರುಗೂದಿಲ್ಲ. ಡಬ್ಬಿ ಮುಚ್ಚಳಾ ಎಲ್ಲಾ ಸಡಿಲ ಇರೋವು ತಂದ್ವಿ.

ಭಕ್ರಿ ಆಗಲಿಲ್ಲ. ಬಡೀಲಿಕ್ಕೆ ಒಂದು ಕೈ ಸಾಕಾಗ್ತಿತ್ತು, ಎತ್ತಿ ಹಂಚಿನ ಮ್ಯಾಲೆ ಹಾಕಲಿಕ್ಕೆ ಎರಡು ಬೇಕು. ಮೂರು ದಿನಾ ಹರದು ಹರದು ಬಿತ್ತು. ಅವ್ವ ಹಿಟ್ಟು ಒತ್ತಟ್ಟಿಗೆ ಸರಿಸಿ, “ಥಾಲಿಪಟ್ಟಿಗೆ ಕಲಸ್ತೀನಿ ತಾ” ಅಂದ್ಲು. ತಣ್ಣಗಿನ ಹಂಚಿಗೆ ಎಣ್ಣಿ ಸವರಿ ಅದರ ಮ್ಯಾಲೇ ಒಂದು ಕೈಲೆ ತಟ್ಟಿ, ನಡುವ ತೂತು ಮಾಡಿ, ಆಮ್ಯಾಲೆ ಒಲಿ ಹಚ್ಚೋದು. ಎತ್ತೋ ಮಾತೇ ಇಲ್ಲ. ಎರಡು ಹಂಚು ಇಟ್ಕೊಂಡ್ರ ಒಂದು ಬೇಯೋದ್ರಾಗ ಇನ್ನೊಂದು ಆರ್ತದ. ಇದನ್ನ ನಾವ್ಯಾರೂ ಹೇಳಿಕೊಟ್ಟಿಲ್ಲ, ಅಕಿನೇ ಕಂಡುಹಿಡದದ್ದು.

ಎಂಟು ದಿನಾ ಅಡಿಗಿ ಅಕ್ಕಾವ್ರು ಬಾಜೂಕೇ ನಿಂತು ಕಾಯೋವ್ರು. ಒಂಬತ್ತನೇ ದಿನಾ ನನಗ ಐರ್ಲೆಂಡ್ ನೆನಪಾತು. “ಅಕ್ಕಾ, ನಾಳಿಗೆ ಒಂದು ತಾಸು ತಡಾ ಮಾಡಿ ಬರ್ರಿ” ಅಂತ ಗುಟ್ಟಿಲೆ ಹೇಳಿದೆ. ಮುಂಜಾನೆ ವೈನಿ ಆಫೀಸಿಗೆ ಹೋಗೋ ಗಡಿಬಿಡಿಯೊಳಗ, “ಅಕ್ಕಾವ್ರು ಇನ್ನೂ ಬಂದಿಲ್ಲಲ್ಲಾ, ಡಬ್ಬಿಗೆ ಏನು ಮಾಡ್ಲಿ?” ಅಂದ್ರು. ನಾ ಜಳಕದ ನೆವಾ ಮಾಡಿ ಬಚ್ಚಲದಾಗ ನಿಂತಿದ್ದೆ. ಒಳಗಿಂದ ಅವ್ವನ ದನಿ ಬಂತು, “ನಿಂದ್ರವಾ, ಎರಡು ಹಾಕ್ತೀನಿ.” ಆಮ್ಯಾಲೆ ಹಂಚಿನ ಮ್ಯಾಲೆ ಪಟ್ ಪಟ್ ಅಂತ ಕೈ ಸಪ್ಪಳ. ಮೊದಲಿನಷ್ಟು ಜೋರಿಲ್ಲ, ನಡುನಡುವ ನಿಂತು ನಿಂತು. ನಾ ನಲ್ಲಿ ತಿರುವಿ ನೀರು ಬಿಟ್ಕೊಂಡು ಅತ್ತೆ, ಹೊರಗ ಕೇಳಬಾರದಲ್ಲಾ.

ಅವತ್ತಿನ ಎರಡರಾಗ ಒಂದು ಸೀದಿತ್ತು. ವೈನಿ ಅದನ್ನೂ ಒಯ್ದ್ರು.

ಮಾರ್ಚಿನಾಗ ಸುದ್ದಿ ಬಂತು, ಫ್ಲೋರಿಡಾದಾಗ ಹೋಟೆಲ್ಲಿನ ಹೊರಗ ನಿಂತಿದ್ದ ರಿಕ್ ಅಲೆನ್‌ನ್ನ ಯಾವನೋ ಓಡಿ ಬಂದು ಕೆಡವಿದ, ತಲಿಗೆ ಪೆಟ್ಟಾಗೇದ ಅಂತ. ಹೇಳ್ಲೋ ಬ್ಯಾಡೋ ಅಂತ ಅನುಮಾನಿಸ್ಕೋತ ಅವ್ವಗ ಹೇಳಿದೆ. “ಅಯ್ಯೋ ನನ ಕೂಸ” ಅಂತ ಮರುಗಿದ್ಲು. ಆಮ್ಯಾಲೆ ದಿನಾ ಕೇಳಾಕಿ, “ಆ ಹುಡುಗ ಎದ್ದನೇನು?” ಹುಡುಗಗ ಅರವತ್ತು ಸಮೀಪ ಬಂದಿದ್ವು, ಇರ್ಲಿ. ಮೇ ತಿಂಗಳಾಗ ತಂಡದ ಊರು ಶೆಫೀಲ್ಡಿನಾಗ ಅವ ಮತ್ತ ಬಾರಿಸಿದ. ವಿಡಿಯೋ ತೋರಿಸಿದ್ರ ಅವ್ವ ಸಮಾಧಾನದಿಂದ, “ಸಪ್ಪಳ ಮಾತ್ರ ಭಾಳ ಮಾಡ್ತಾನ” ಅಂದ್ಲು.

ಅವ್ವನ ಕೈ ಹಂಗೇ ಅದ. ಅದು ಬರೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ಭಕ್ರಿ ಈಗೂ ಅಡಿಗಿ ಅಕ್ಕಾವ್ರೇ ಬಡೀತಾರ. ಆದ್ರ ಸಂಜಿಕೆ “ನಾಳಿಗೆ ಏನು ಅಡಿಗಿ?” ಅಂತ ಈಗ ನಾವೇ ಅಕಿನ್ನ ಕೇಳ್ತೀವಿ. ಅಕಿ ಹೇಳಿದ್ದೇ ಆಗಬೇಕು. ಕೆಲವೊಮ್ಮೆ ಸಿಟ್ಟೂ ಬರ್ತದ ನನಗ, ಮೂರು ದಿನಾ ಬದನೀಕಾಯಿನೇ ಹೇಳ್ತಾಳ.

ಶನಿವಾರ ಮಾತ್ರ ಅಡಿಗಿಮನಿ ಪೂರ್ತಿ ಅಕೀದು, ಥಾಲಿಪಟ್ಟು. ಬರ್ರಿ ಒಮ್ಮೆ ಎಲ್ಲಾರೂ. ಬಂದಾಗ ಅವ್ವನ ಸ್ಟೂಲಿನ ಮ್ಯಾಲೆ ಮಾತ್ರ ಕೂಡಬ್ಯಾಡ್ರಿ, ಯಾರನ್ನೂ ಕೂಡಗೊಡೂದಿಲ್ಲ ಅಕಿ.