ದೊಡ್ಡಮ್ಮನ ಕೈಮೇಲೆ ಹಸಿರು ಬೆಳಕು

ಕೊರೊನಾ ಬರುವುದಕ್ಕೆ ಮುಂಚಿನ ಮಾತು. ಯಾವ ವರ್ಷ ಅಂತ ಕೇಳಬೇಡಿ, ಮಳೆಗಾಲ ಅನ್ನೋದು ಮಾತ್ರ ಗಟ್ಟಿ. ಬೆಂಗಳೂರಿನ ಬಾಣಸವಾಡಿಯಲ್ಲಿ ಸಂಜೆಯಾದರೆ ಸಾಕು, ಮುಗಿಲು ಕಪ್ಪಗಾಗಿ ಒಂದೇ ಸಮನೆ ಹುಯ್ಯೋದು. ಬೆಳಗ್ಗೆ ಎದ್ದು ನೋಡಿದರೆ ಖಾಲಿ ಸೈಟುಗಳಲ್ಲಿ, ಹಳೇ ಟೈರುಗಳಲ್ಲಿ, ಎಳನೀರು ಬುರುಡೆಗಳಲ್ಲಿ ನೀರು ನಿಂತಿರೋದು. ಬೀದಿಗೊಂದು ಮನೆಯಲ್ಲಿ ಡೆಂಗಿ. ಯಾರ ಮನೆಗೆ ಹೋದರೂ ಪಪ್ಪಾಯಿ ಎಲೆ ರಸದ ಮಾತು, ಪ್ಲೇಟ್‌ಲೆಟ್ ಎಷ್ಟಕ್ಕೆ ಇಳೀತು ಅನ್ನೋ ಮಾತು.

ನಮ್ಮ ದೊಡ್ಡಮ್ಮ ಇದ್ದದ್ದು ಆಂಜನೇಯನ ಗುಡಿಗೆ ಹತ್ತಿರದ ಬೀದಿಯಲ್ಲಿ. ಬಾಣಸವಾಡಿ ಇನ್ನೂ ಹಳ್ಳಿಯಾಗಿದ್ದಾಗ ಮದುವೆಯಾಗಿ ಬಂದವಳು. ಸುತ್ತಲೂ ಲೇಔಟುಗಳು ಎದ್ದು, ಕಮ್ಮನಹಳ್ಳಿ ಕಡೆಯಿಂದ ಹೋಟೆಲುಗಳ ಘಮಲು ತೇಲಿ ಬಂದರೂ ಅವಳು ಹೊರಗಡೆ ತಿಂದವಳಲ್ಲ. ಉಪ್ಪು ತನ್ನ ಕೈಯಿಂದಲೇ ಬೀಳಬೇಕು. ಅವಳು ಮಾಡುತ್ತಿದ್ದ ಮೊಳಕೆ ಹುರುಳಿಯ ಬಸ್ಸಾರು ಈಗಲೂ ನಾಲಿಗೆ ಮೇಲಿದೆ. ಕಾಳು ಬೇಯಿಸಿದ ನೀರು ಬಸಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ ಹಾಕಿ ಒರಳಲ್ಲೇ ರುಬ್ಬೋಳು. ಮಿಕ್ಸಿಗೆ ಹಾಕಿದರೆ ಖಾರ ಬಿಸಿಯಾಗಿ ರುಚಿ ಕೆಡುತ್ತೆ ಅಂತ ಅವಳ ವಾದ. ಹಿಂದಿನ ದಿನದ ಬಸ್ಸಾರಿಗೆ ಬಿಸಿ ಮುದ್ದೆ ಸಿಕ್ಕರೆ ಮಾತೇ ಬೇಡ.

ಇರಲಿ, ಜ್ವರದ ವಿಷಯಕ್ಕೆ ಬರ್ತೀನಿ. ಅವಳಿಗೂ ಡೆಂಗಿ ಹಿಡೀತು. ವಾಂತಿಯಾಗಿ ಆಗಿ ಮೈಯಲ್ಲಿ ನೀರೇ ಇಲ್ಲದಂತಾಯ್ತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡ್ರಿಪ್ ಹಾಕಬೇಕು, ದಿನಾ ರಕ್ತ ತೆಗೆದು ಪ್ಲೇಟ್‌ಲೆಟ್ ನೋಡಬೇಕು, ಆದರೆ ನರ ಸಿಗಲೊಲ್ಲದು. ವಯಸ್ಸಾದವರ ರಕ್ತನಾಳ ಮೊದಲೇ ಮೆತ್ತಗೆ, ಸೂಜಿ ಮುಟ್ಟಿದರೆ ಪಕ್ಕಕ್ಕೆ ಜಾರುತ್ತೆ. ನೀರು ಕಡಿಮೆಯಾದರೆ ಕುಗ್ಗಿ ಒಳಗೆ ಸೇರಿಕೊಳ್ಳುತ್ತೆ. ಮೇಲಾಗಿ ದೊಡ್ಡಮ್ಮನದು ಒಳ್ಳೇ ಕಪ್ಪು ಮೈಬಣ್ಣ, ಮೇಲಿಂದ ನೋಡಿದರೆ ಏನೂ ಕಾಣೋದಿಲ್ಲ. ಮೊದಲ ದಿನ ಎಡಗೈ ಬಲಗೈ ಎರಡೂ ಕಡೆ ಚುಚ್ಚಿದರು. ಪ್ಲೇಟ್‌ಲೆಟ್ ಇಳಿದ ಮೈ, ಚುಚ್ಚಿದ ಜಾಗವೆಲ್ಲ ನೀಲಿಗಟ್ಟಿತು. ಯಾರನ್ನೂ ದೂರುವ ಹಾಗಿರಲಿಲ್ಲ, ಚುಚ್ಚಿದ ಹುಡುಗಿಯ ಕಣ್ಣಲ್ಲೂ ನೀರಿತ್ತು. ಆದರೆ ಅಲ್ಲಿಂದಾಚೆಗೆ ದೊಡ್ಡಮ್ಮ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಬಿಟ್ಟಳು. ಬಿಳಿ ಬಟ್ಟೆಯವರು ಯಾರೇ ಬರಲಿ, ಗೋಡೆ ಕಡೆ ತಿರುಗೋಳು. "ನನ್ನ ಕೈಯಾಗೆ ಏನೂ ಇಲ್ಲ ಕಣವ್ವಾ, ಬ್ಯಾರೆಯೋರ್ನ ನೋಡೋಗು" ಅನ್ನೋಳು.

ನಲವತ್ತು ವರ್ಷ ರಾಗಿ ಬೀಸಿ, ಹಸು ಕರೆದು, ಮೂರು ಮಕ್ಕಳನ್ನು ಸಾಕಿದ ಕೈ ಅದು. ಅದನ್ನು ಹಾಗೆ ಬಚ್ಚಿಟ್ಟುಕೊಂಡು ಮಲಗಿದ್ದು ನೋಡೋಕೆ ನನ್ನಿಂದ ಆಗಲಿಲ್ಲ.

ಮಾರನೇ ದಿನವೋ ಅದರ ಮಾರನೇ ದಿನವೋ, ಕೇರಳದ ಕಡೆಯ ಹಿರಿಯ ಸಿಸ್ಟರ್ ಒಬ್ಬರು ಬಂದರು. ಅವರ ಕನ್ನಡದಲ್ಲಿ ಮಲಯಾಳದ ರಾಗ, ಮಾತಿಗೊಂದು 'ಅಮ್ಮಚ್ಚಿ'. ಮಕ್ಕಳ ವಾರ್ಡಿನಲ್ಲಿ ಕೂಸುಗಳ ಅಂಗೈ ಕೆಳಗೆ ಟಾರ್ಚ್ ಹಿಡಿದು, ಕೆಂಪಗೆ ಹೊಳೆಯೋ ಮಾಂಸದಲ್ಲಿ ಕಪ್ಪು ಗೆರೆ ಹುಡುಕಿ ಸೂಜಿ ಹಾಕಿದವರಂತೆ. ದೊಡ್ಡವರ ಕೈಗೆ ಟಾರ್ಚಿನ ಬೆಳಕು ಸಾಲದು. ಅದಕ್ಕೇ ಕೈಯಲ್ಲಿ ಹಿಡಿಯುವಂಥ ಒಂದು ಚಿಕ್ಕ ಯಂತ್ರ ತಂದಿದ್ದರು. ಕೋಣೆಯ ದೀಪ ಆರಿಸಿ, ದೊಡ್ಡಮ್ಮನನ್ನು ಪುಸಲಾಯಿಸಿ ಒಂದು ಕೈ ಈಚೆ ತೆಗೆಸಿ, ಒಂದು ಗೇಣು ಮೇಲಿಂದ ಅದನ್ನು ಹಿಡಿದರು.

ಕೈಮೇಲೆ ಹಸಿರು ಬೆಳಕು ಹರಡಿತು. ಅದರೊಳಗೆ ಮೊಣಕೈಯಿಂದ ಮಣಿಕಟ್ಟಿನವರೆಗೂ ಕಪ್ಪು ಗೆರೆಗಳು, ಚಪ್ಪರಕ್ಕೆ ಹಬ್ಬಿದ ಹಾಗಲ ಬಳ್ಳಿಯ ಹಾಗೆ ಕವಲೊಡೆದು ಕಂಡವು. ಕೈ ಸ್ವಲ್ಪ ತಿರುಗಿಸಿದರೆ ಗೆರೆಗಳೂ ಜೊತೆಗೇ ಸರಿದವು. ಸಿಸ್ಟರ್ ಬೆರಳಿಂದ ಒಂದು ಗೆರೆಯನ್ನು ಅದುಮಿ ನೀವಿದರು. ನೀವಿದಷ್ಟು ಉದ್ದ ಗೆರೆ ಅಳಿಸಿಹೋಯಿತು, ಬೆರಳು ಎತ್ತಿದ ತಕ್ಷಣ ಮತ್ತೆ ತುಂಬಿಕೊಂಡಿತು. ದೊಡ್ಡಮ್ಮ ಎದ್ದು ಕೂತಳು. "ಇದು ನಂದೇನಾ?" ಅಂದಳು. ಇನ್ನೊಂದು ಕೈಯನ್ನು ತಾನಾಗೇ ಸೆರಗಿನಿಂದ ತೆಗೆದು ಬೆಳಕಿನ ಕೆಳಗೆ ಚಾಚಿದಳು.

ಡ್ಯೂಟಿ ಡಾಕ್ಟರು ಹಾಸನದ ಕಡೆಯ ಹುಡುಗ, ವಿವರಿಸೋದರಲ್ಲಿ ಬಲು ಆಸೆ. ಗೋಡೆಯ ಟಿವಿ ರಿಮೋಟು ತಗೊಂಡು ಅದರ ಮೂತಿಯನ್ನು ನನ್ನ ಫೋನಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿದರು. ಬರಿಗಣ್ಣಿಗೆ ಏನೂ ಇಲ್ಲ, ಫೋನಿನಲ್ಲಿ ಬೆಳ್ಳಗೆ ಒಂದು ಚುಕ್ಕಿ ಮಿನುಗಿತು. ಅದೇ ಅವಗೆಂಪು ಬೆಳಕು. ಯಂತ್ರದೊಳಗೂ ಅದರ ಬಳಗದ್ದೇ ಬೆಳಕಂತೆ. ಸುಮಾರು 700ರಿಂದ 900 ನ್ಯಾನೋಮೀಟರಿನ ಈ ಬೆಳಕನ್ನು ಚರ್ಮವಾಗಲಿ ಕೊಬ್ಬಾಗಲಿ ಹೆಚ್ಚು ತಡೆಯೋದಿಲ್ಲ. ಕಪ್ಪು ಮೈಯ ಮೆಲನಿನ್ ಕೂಡ ಕಣ್ಣಿಗೆ ಕಾಣುವ ಬೆಳಕನ್ನು ನುಂಗುವಷ್ಟು ಇದನ್ನು ನುಂಗೋದಿಲ್ಲ. ರಕ್ತದ ಹಿಮೋಗ್ಲೋಬಿನ್ ಮಾತ್ರ ಹೀರಿಕೊಳ್ಳುತ್ತೆ. ಸುತ್ತಲಿನ ಮಾಂಸದಿಂದ ಬೆಳಕು ವಾಪಸ್ ಬರುತ್ತೆ, ರಕ್ತನಾಳ ಇರುವ ಕಡೆ ಕಪ್ಪು ಉಳಿಯುತ್ತೆ. ಕ್ಯಾಮೆರಾ ಅದನ್ನು ಹಿಡಿದು, ಆ ಚಿತ್ರವನ್ನೇ ಹಸಿರು ಬೆಳಕಿನಲ್ಲಿ ಆ ಕ್ಷಣವೇ ಅದೇ ಕೈಮೇಲೆ ಬಿಡುತ್ತೆ. ಎಕ್ಸ್‌ರೇ ಥರದ ವಿಕಿರಣದ ಭಯ ಇದರಲ್ಲಿಲ್ಲ.

ಆಮೇಲೆ ನಾನೂ ಹುಡುಕಿ ಓದಿದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದನಂತೆ. ಕೆಂಪನ್ನು ದಾಟಿ, ಬಣ್ಣವೇ ಇಲ್ಲದ ಜಾಗದಲ್ಲಿ ಇಟ್ಟಾಗ ಇನ್ನೂ ಹೆಚ್ಚು ಬಿಸಿ ತೋರಿಸಿತು. ಆ ಕಾಣದ ಬೆಳಕಿನಿಂದ ಚರ್ಮದ ಮೇಲೆ ರಕ್ತನಾಳದ ಚಿತ್ರ ಬಿಡಿಸೋ ಯಂತ್ರ ಮಾಡಿದವರಲ್ಲಿ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಹರ್ಬರ್ಟ್ ಝೀಮನ್ ಮುಖ್ಯರು. ನಕ್ಷತ್ರ ನೋಡುವವನೊಬ್ಬ ಬಿಸಿಲಲ್ಲಿ ಕಂಡುಕೊಂಡದ್ದು ಬಾಣಸವಾಡಿಯ ಮುದುಕಿಯ ಕೈವರೆಗೂ ಬಂತಲ್ಲ ಅಂತ ಈಗಲೂ ಅಚ್ಚರಿ ನನಗೆ.

ಸಿಸ್ಟರ್ ಮಾತ್ರ ಯಂತ್ರವನ್ನೇ ಪೂರ್ತಿ ನಂಬಿದವರಲ್ಲ. ಚರ್ಮದಿಂದ ಒಂದು ಸೆಂಟಿಮೀಟರಿಗಿಂತ ಆಳದಲ್ಲಿದ್ದರೆ ಅದು ತೋರಿಸೋದಿಲ್ಲ. ತೋರಿಸಿದರೂ ನಾಳ ಎಷ್ಟು ಆಳ, ಗಟ್ಟಿಯೋ ಮೆತ್ತಗೋ ಅಂತ ಹೇಳೋದಿಲ್ಲ. ಮಕ್ಕಳಲ್ಲಿ ಪರೀಕ್ಷೆ ಮಾಡಿದಾಗ ಮೊದಲ ಚುಚ್ಚಿಗೇ ನರ ಸಿಗೋದು ಎಲ್ಲ ಕಡೆಯೂ ಹೆಚ್ಚಾಗಲಿಲ್ಲ ಅಂತ ಡಾಕ್ಟರೂ ಹೇಳಿದರು. ಹಾಗಾಗಿ ಸಿಸ್ಟರ್ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕೈ ಬೆಚ್ಚಗೆ ಮಾಡಿದರು, ಚರ್ಮ ಕೆಳಕ್ಕೆ ಎಳೆದು ಹಿಡಿದರು, ಬೆರಳ ತುದಿಯಿಂದ ತಡವಿ ಗೆರೆಯನ್ನು ಖಾತ್ರಿ ಮಾಡಿಕೊಂಡರು. ಆಮೇಲೆ ಒಂದೇ ಚುಚ್ಚು. ಸೂಜಿಯ ಹಿಂದೆ ರಕ್ತ ಕಂಡಾಗ ನಮಗೆಲ್ಲ ಹೋದ ಉಸಿರು ಬಂದಂತಾಯ್ತು. ದೊಡ್ಡಮ್ಮ "ಆಯ್ತಾ?" ಅಂದಳು ಅಷ್ಟೇ.

ಇನ್ನೊಂದು ದಿನ ರಕ್ತ ತೆಗೆಯೋ ಹೊತ್ತಿಗೆ ಯಂತ್ರ ಬೇರೆ ಮಹಡಿಗೆ ಹೋಗಿತ್ತು. ಬಂದವಳು ಮೊದಲ ದಿನ ಚುಚ್ಚಿದ ಹುಡುಗಿಯೇ, ಬಾಗಿಲಲ್ಲೇ ಹಿಂದುಮುಂದು ನೋಡುತ್ತ ನಿಂತಳು. ದೊಡ್ಡಮ್ಮ ಅವಳನ್ನು ಪಕ್ಕಕ್ಕೆ ಕರೆದು, ಬಲಗೈ ಚಾಚಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ತೋರಿಸಿ, "ಇಲ್ಲಿ ಎರಡು ಕವಲಾಗೈತೆ, ನಾನೇ ನೋಡೀನಿ. ಇಲ್ಲಿ ತಡವು ಮಗಾ" ಅಂದಳು. ಹುಡುಗಿ ತಡವಿದಳು, ಸಿಕ್ಕಿತು. ರಕ್ತ ಸೀಸೆಗೆ ಇಳಿಯುತ್ತಿರುವಾಗಲೇ ದೊಡ್ಡಮ್ಮ ಅವಳ ಊರು ಯಾವುದು, ಮದುವೆಯಾಗಿದೆಯಾ, ಹಾಸ್ಟೆಲಿನಲ್ಲಿ ಮುದ್ದೆ ಮಾಡ್ತಾರಾ ಅಂತ ವಿಚಾರಿಸಿಕೊಂಡಳು. ಮುದ್ದೆ ಇಲ್ಲ ಅಂತ ಗೊತ್ತಾದ ಮೇಲೆ, ಮನೆಗೆ ಹೋದ ಭಾನುವಾರವೇ ಬಸ್ಸಾರಿನ ಊಟಕ್ಕೆ ಬರಬೇಕು ಅಂತ ಅವಳಿಂದ ಮಾತು ತಗೊಂಡಳು.