ಆಲೂಗೆಡ್ಡೆಯ ತಟ್ಟೆಯಲ್ಲಿ ಯಾರ ಪಾಲು ಎಷ್ಟು?

ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆ ಎಂದರೆ ಬರೀ ತರಕಾರಿಯಲ್ಲ, ಅದೊಂದು ಹಂಗಾಮು. ಮುಂಗಾರು ಹತ್ತಿರವಾದಂತೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆಯ ಲಾರಿಗಳು ಹಾಸನದ ಎಪಿಎಂಸಿಗೆ ಬರುತ್ತವೆ. ಮೂರು ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಅಂಗಮಾರಿ ರೋಗ ಹೊಲಗಳನ್ನೇ ಸುಟ್ಟಂತೆ ಮಾಡಿದ ಮೇಲೆ ಎಷ್ಟೋ ರೈತರು ಮುಸುಕಿನ ಜೋಳಕ್ಕೆ ಹೊರಳಿದರು. ಆದರೂ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಹೀಗೆ ಯಾವ ಊರಿನ ಅಡುಗೆಮನೆಗೆ ಹೋದರೂ ಮೂಲೆಯಲ್ಲಿ ಆಲೂಗೆಡ್ಡೆಯ ಬುಟ್ಟಿ ಇದ್ದೇ ಇರುತ್ತದೆ.

ನಮ್ಮಂಥ ಮನೆಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವಿತ್ತು. ಅದು ಮಾಂಸವನ್ನು ಹಿಗ್ಗಿಸಬೇಕಿತ್ತು. ಹತ್ತು ಜನರ ಮನೆಗೆ ಅರ್ಧ ಕೇಜಿ ಮಾಂಸ ಬಂದರೆ ಒಂದು ಕೇಜಿ ಆಲೂಗೆಡ್ಡೆ ಬೀಳುತ್ತಿತ್ತು; ಅದೇ ಆಲೂ ಗೋಷ್ತ್. ದಸ್ತರ್‌ಖಾನ್ ಹಾಸಿದ ಮೇಲೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ಹೆಂಗಸರು. ಅಮ್ಮಾ ದೇಗ್ಚಿಯ ತಳ ಕೆರೆಯುವ ಹೊತ್ತಿಗೆ ಗೋಷ್ತ್ ಮುಗಿದು ಆಲೂ ಮಾತ್ರ ಉಳಿದಿರುತ್ತಿತ್ತು. ‘ಮುಜೆ ಆಲೂಚ್ ಪಸಂದ್’, ನನಗೆ ಆಲೂನೇ ಇಷ್ಟ ಎನ್ನುತ್ತಿದ್ದರು. ನಮ್ಮ ತಾಯಂದಿರೆಲ್ಲ ಈ ಒಂದೇ ಮಾತನ್ನು ಯಾವ ಶಾಲೆಯಲ್ಲಿ ಕಲಿತರೋ ಕಾಣೆ.

ಇದೆಲ್ಲ ಯಾಕೆ ನೆನಪಾಯಿತೆಂದರೆ, ಹೊಳೆನರಸೀಪುರದ ನನ್ನ ತಂಗಿಯ ಮಗಳು ಓದಲೆಂದು ಕೆನಡಾದ ಮಾಂಟ್ರಿಯಲ್‌ಗೆ ಹೋಗಿದ್ದಾಳೆ. ಅಲ್ಲಿ ಪುಟೀನ್ ಎಂಬ ತಿನಿಸಿದೆ. ಕರಿದ ಆಲೂಗೆಡ್ಡೆಯ ಮೇಲೆ ತಾಜಾ ಚೀಸಿನ ತುಣುಕು, ಅದರ ಮೇಲೆ ಬಿಸಿಬಿಸಿ ಗ್ರೇವಿ. 1950ರ ದಶಕದಲ್ಲಿ ಕ್ವಿಬೆಕ್ ಪ್ರಾಂತ್ಯದ ಹಳ್ಳಿಗಾಡಿನ ಹೋಟೆಲುಗಳಲ್ಲಿ ಹುಟ್ಟಿದ್ದು. ಹಾಲಿನ ಡೇರಿಗಳ ಸೀಮೆ ಅದು. ಆಲೂಗೆಡ್ಡೆಗೂ ಹಾಲಿಗೂ ಬರವಿಲ್ಲದ ನಮ್ಮ ಹಾಸನದ ಹಾಗೆಯೇ. ಹುಡುಗಿ ಫೋನಿನಲ್ಲಿ, “ಖಾಲಾ, ಇಲ್ಲಿನ ಗ್ರೇವಿ ದನದ್ದೋ ಕೋಳಿಯದ್ದೋ, ಹಲಾಲೋ ಅಲ್ಲವೋ ಅಂತ ಅಂಗಡಿ ಅಂಗಡಿಯಲ್ಲಿ ಕೇಳಿ ಸಾಕಾಗಿದೆ. ಡಾಕ್ಟರು ಬೇರೆ ಪ್ರೋಟೀನ್ ಸಾಲದು ಅಂದಿದ್ದಾರೆ. ರೂಮಿನಲ್ಲೇ ಮಾಡಿಕೊಳ್ಳೋ ಹಾಗೆ ಏನಾದರೂ ಹೇಳಿ” ಎಂದಳು.

ಹೇಳುವ ಮೊದಲು ನಾನೇ ಮಾಡಿ ನೋಡಿದೆ. ಗ್ರೇವಿಗೆ ದೂರ ಹೋಗಬೇಕಾಗಲಿಲ್ಲ. ಪಕ್ಕದ ಮನೆಯವರು ಹುರುಳಿ ಕಟ್ಟು ಎನ್ನುವುದನ್ನೇ ನಮ್ಮ ಉರ್ದುವಿನಲ್ಲಿ ಕುಲ್ತಿ ಕಾ ಕಟ್ ಎನ್ನುತ್ತೇವೆ. ನಾಲ್ವರಿಗೆ ನೂರು ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು. ಬರೀ ಕಟ್ಟು ಬಸಿದುಕೊಂಡರೆ ರುಚಿ ಸಿಗುತ್ತದೆ, ಪ್ರೋಟೀನಿನ ಹೆಚ್ಚು ಪಾಲು ಕಾಳಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಾಳನ್ನೂ ನುಣ್ಣಗೆ ರುಬ್ಬಿ ಕಟ್ಟಿಗೇ ಸೇರಿಸಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಗಟ್ಟಿಯಾಗುವವರೆಗೆ ಕುದಿಸಬೇಕು.

ಚೀಸಿನ ಜಾಗಕ್ಕೆ ಪನೀರ್. ಒಂದು ಲೀಟರ್ ಹಾಲನ್ನು ನಿಂಬೆರಸದಿಂದ ಒಡೆಸಿ ಬಟ್ಟೆಯಲ್ಲಿ ಕಟ್ಟಿ, ಭಾರ ಹೇರದೆ ಉದುರುದುರಾಗಿ ಬಿಡಬೇಕು. ಬಿಸಿ ಗ್ರೇವಿ ಬಿದ್ದರೂ ಅದು ಕರಗುವುದಿಲ್ಲ. ಬಸಿದ ನೀರಿನಲ್ಲೂ ಸ್ವಲ್ಪ ಪ್ರೋಟೀನ್ ಇರುತ್ತದೆ. ಚೆಲ್ಲದೆ ರೊಟ್ಟಿಯ ಹಿಟ್ಟು ಕಲಸಿಕೊಳ್ಳಿ.

ಮಳೆಗಾಲದ ನಮ್ಮ ಹೊಸ ಗೆಡ್ಡೆಯಲ್ಲಿ ನೀರಿನಂಶ ಹೆಚ್ಚು, ನೇರವಾಗಿ ಕರಿದರೆ ಮೆತ್ತಗಾಗುತ್ತದೆ. ಅರ್ಧ ಕೇಜಿ ಗೆಡ್ಡೆಯನ್ನು ಉದ್ದುದ್ದ ಸೀಳಿ, ಉಪ್ಪು ನೀರಿನಲ್ಲಿ ಐದು ನಿಮಿಷ ಬೇಯಿಸಿ, ಬಟ್ಟೆಯ ಮೇಲೆ ಆರಿಸಿ, ಕಾವಲಿಯಲ್ಲಿ ಎರಡು ಚಮಚ ಎಣ್ಣೆಗೆ ಕೆಂಪಗೆ ಹುರಿದರೆ ಸಾಕು. ತಟ್ಟೆಗೆ ಆಲೂ, ಮೇಲೆ ಪನೀರ್, ಅದರ ಮೇಲೆ ಕಟ್ಟು, ಪಕ್ಕದಲ್ಲಿ ಒಂದೊಂದು ಬೇಯಿಸಿದ ಮೊಟ್ಟೆ.

ಇನ್ನು ಲೆಕ್ಕ. ಆಲೂವಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಹುರುಳಿಯಲ್ಲಿ 22, ಪನೀರಿನಲ್ಲಿ 25, ನಾಲ್ಕು ಮೊಟ್ಟೆಯಲ್ಲಿ 25. ತಲೆಗೆ ಇಪ್ಪತ್ತು ಗ್ರಾಂ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೇಹದ ತೂಕದ ಪ್ರತಿ ಕೇಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಐವತ್ತು ಕೇಜಿ ತೂಗುವ ಹೆಂಗಸಿಗೆ ಸುಮಾರು 42 ಗ್ರಾಂ. ಅದರ ಅರ್ಧದಷ್ಟು ಈ ಒಂದು ತಟ್ಟೆಯಲ್ಲೇ ಇದೆ.

ಆದರೆ ನನಗೆ ಗ್ರಾಂಗಿಂತ ಹೆಚ್ಚಾಗಿ ಕಂಡದ್ದು ಬೇರೆ. ಈ ತಿನಿಸನ್ನು ದೇಗ್ಚಿಯಲ್ಲಿಟ್ಟು ಸೌಟಿನಿಂದ ಬಡಿಸಲಾಗುವುದಿಲ್ಲ. ಕಟ್ಟು ಸುರಿದ ಮೇಲೆ ಕಾದರೆ ಆಲೂ ಮೆತ್ತಗಾಗಿ ಕೆಡುತ್ತದೆ. ಆದ್ದರಿಂದ ಒಬ್ಬೊಬ್ಬರ ತಟ್ಟೆಯನ್ನೂ ಒಟ್ಟಿಗೇ ಕಟ್ಟಿ, ಎಲ್ಲರೂ ಒಟ್ಟಿಗೇ ಕೂತು ತಿನ್ನಬೇಕು. ಮೊದಲ ಪಂಕ್ತಿ, ಕಡೆಯ ಪಂಕ್ತಿ ಎಂಬುದು ಇಲ್ಲಿ ನಡೆಯದು. ಹೆಂಗಸರ ತಟ್ಟೆಯಲ್ಲಿ ಪ್ರೋಟೀನ್ ಕಮ್ಮಿಯಾಗುವುದು ಬಡತನದಿಂದ ಮಾತ್ರವಲ್ಲ. ಇದ್ದ ಅಷ್ಟಿಷ್ಟನ್ನು ಯಾರಿಗೆ ಮೊದಲು ಬಡಿಸುತ್ತೇವೆ ಎಂಬುದರಿಂದಲೂ. ಹಾಲು ಮಾರುವ ಮನೆಯಲ್ಲೂ, ಹುರುಳಿ ಬೆಳೆಯುವ ಮನೆಯಲ್ಲೂ ರಕ್ತಹೀನತೆಯ ಸೊಸೆಯಂದಿರನ್ನು ನಾನು ಕಂಡಿದ್ದೇನೆ.

ಪುಟೀನ್ ಎಂಬ ಹೆಸರು ಬೇಡವೆಂದರೆ ಬಿಡಿ, ಕಟ್ಟಿನ ಆಲೂ ಎನ್ನಿ. ಮಾಡಿದ ದಿನ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ತಟ್ಟೆಗಳನ್ನು ಮೊದಲು ಸಾಲಾಗಿ ಇಟ್ಟುಕೊಳ್ಳಿ. ಅಡುಗೆ ಮಾಡಿದವಳ ತಟ್ಟೆಯೂ ಆ ಸಾಲಿನಲ್ಲಿರಲಿ.